ಕೀಲೆಣ್ಣೆಯೂ ಮೋಟಾರಿನ ಎಣ್ಣೆಯೂ

ಗಾಡಿಯ ಅಚ್ಚಿಗೆ ಸವರುವ ಎಣ್ಣೆಯನ್ನು ಕನ್ನಡದಲ್ಲಿ ಕೀಲೆಣ್ಣೆ ಎನ್ನುವುದು ವಾಡಿಕೆ. ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯಿಂದ ಶ್ರೀನಿವಾಸಪುರ, ಮುಳಬಾಗಿಲುಗಳ ಕಡೆಗೆ ಸಾಗಿದಂತೆಲ್ಲ ಅನೇಕ ಗ್ರಾಮಗಳಲ್ಲಿ ಮನೆಮಾತು ತೆಲುಗಾಗುತ್ತದೆ. ಅಲ್ಲಿ ಈ ವಸ್ತುವಿಗೆ ಕಂದೆನ ಎಂದು ಹೆಸರು. ಹೆಸರು ಯಾವುದಾದರೂ ಅದರ ಮುಖ್ಯ ದ್ರವ್ಯ ಹರಳೆಣ್ಣೆಯೇ. ರಾಗಿಯ ಹೊಲದಲ್ಲಿ ಅವರೆ, ಹುಚ್ಚೆಳ್ಳುಗಳ ಜೊತೆಗೆ ಅಕ್ಕಡಿಯಾಗಿ ಹರಳುಗಿಡವನ್ನೂ ಬೆಳೆಯುತ್ತಿದ್ದ ಈ ಸೀಮೆಯ ರೈತನಿಗೆ ಅದು ಕೊಂಡು ತರಬೇಕಾದ ಸಾಮಗ್ರಿಯಾಗಿರಲಿಲ್ಲ. ಎಣ್ಣೆ ಮಂದವಾಗಿದ್ದಷ್ಟೂ ಅಚ್ಚಿನ ಮೇಲೆ ನಿಲ್ಲುತ್ತದೆ, ತೆಳುವಾದದ್ದು ಸೋರಿ ಹೋಗುತ್ತದೆ ಎಂಬುದು ಅವನು ಅನುಭವದಿಂದ ಕಂಡುಕೊಂಡಿದ್ದ ಸತ್ಯ. ನಿಧಾನವಾಗಿ ಉರುಳುವ ಭಾರವಾದ ಗಾಲಿಯ ಮಟ್ಟಿಗೆ ಆ ಮಾತಿನಲ್ಲಿ ಲೋಪವಿಲ್ಲ.

ಇದೇ ಮಾತನ್ನು ಇಂದು ಮೋಟಾರು ಕಾರಿಗೂ ಅನ್ವಯಿಸುತ್ತಿರುವುದೇ ಪ್ರಕೃತ ಲೇಖನಕ್ಕೆ ಕಾರಣ. ‘ನಮ್ಮದು ಬಿಸಿಲು ಸೀಮೆ, ಗಟ್ಟಿ ಎಣ್ಣೆಯನ್ನೇ ಹಾಕಿಸಿ’ ಎಂಬ ಸಲಹೆ ರಸ್ತೆಬದಿಯ ರಿಪೇರಿ ಅಂಗಡಿಗಳಲ್ಲಿ ಈಗಲೂ ಕೇಳಿಬರುತ್ತದೆ. ಸಾಲ ಮಾಡಿ ಕೊಂಡ ಒಂದು ಕಾರು, ಅಥವಾ ಟೊಮ್ಯಾಟೊ ಸಾಗಿಸುವ ಒಂದು ಪಿಕಪ್ ಗಾಡಿ, ಈ ಭಾಗದ ಎಷ್ಟೋ ಮನೆಗಳ ಜೀವನೋಪಾಯವಾಗಿದೆ. ತಪ್ಪು ಎಣ್ಣೆಯಿಂದ ಎಂಜಿನು ಕೆಟ್ಟರೆ ಸಾಲದ ಕಂತೇನೂ ನಿಲ್ಲುವುದಿಲ್ಲ. ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಒಂದು ನಿಯಮವು ತನ್ನ ಕಾರಣವನ್ನು ಕಳೆದುಕೊಂಡ ಮೇಲೂ ಹೇಗೆ ಬದುಕಿರುತ್ತದೆ ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ.

ದ್ರವವೊಂದು ಹರಿಯುವುದಕ್ಕೆ ತಾನೇ ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಸ್ನಿಗ್ಧ ಎಂಬುದು ಅದೇ ಧಾತುವಿನಿಂದ ಬಂದ ಮಾತು. ಇದನ್ನು ಅಳೆಯಲು ಬಳಸುವ ಒಂದು ಮಾನ ಸೆಂಟಿಸ್ಟೋಕ್. ಸಾಧಾರಣ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. ಹರಳೆಣ್ಣೆಯದು 40 ಡಿಗ್ರಿ ಸೆಂಟಿಗ್ರೇಡಿನಲ್ಲಿ 250ರ ಆಸುಪಾಸಿನಲ್ಲಿದ್ದು, 100 ಡಿಗ್ರಿಗೆ ಕಾಯಿಸಿದಾಗ 20ರಷ್ಟಕ್ಕೆ ಇಳಿಯುತ್ತದೆ. ಕಾದ ಎಣ್ಣೆ ತೆಳುವಾಗುವುದನ್ನು ಒಗ್ಗರಣೆ ಹಾಕುವವರೆಲ್ಲರೂ ಬಲ್ಲರು. ಆದರೆ ಅದು ಹನ್ನೆರಡು ಪಟ್ಟು ತೆಳುವಾಗುತ್ತದೆಂಬುದು ಕಣ್ಣಂದಾಜಿಗೆ ಸಿಗುವಂಥದಲ್ಲ. ಆದುದರಿಂದ ಯಾವ ಉಷ್ಣತೆಯಲ್ಲಿ ಎಂದು ಹೇಳದೆ ‘ಈ ಎಣ್ಣೆ ಗಟ್ಟಿ’, ‘ಆ ಎಣ್ಣೆ ತೆಳು’ ಎನ್ನುವುದಕ್ಕೆ ಅರ್ಥವೇ ಇಲ್ಲ.

ಎಣ್ಣೆಯು ಎರಡು ಲೋಹಗಳ ನಡುವೆ ಮಾಡುವ ಕೆಲಸವೇನು ಎಂಬುದು ಬಹುಕಾಲ ಯಾರಿಗೂ ಸ್ಪಷ್ಟವಾಗಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದಾಗ, ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿ ಬರುವುದನ್ನು ಕಂಡನು. ರಂಧ್ರಕ್ಕೆ ಬಿರಡೆ ಜಡಿದರೆ ಎಣ್ಣೆಯು ಬಿರಡೆಯನ್ನೇ ಹೊರಕ್ಕೆ ದೂಡಿತು. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಎಳೆದೊಯ್ದು, ಕಿರಿದಾಗುತ್ತ ಹೋಗುವ ಸಂದಿಗೆ ತುರುಕಿ, ಅಲ್ಲಿ ಅಧಿಕ ಒತ್ತಡವನ್ನು ಉಂಟುಮಾಡುತ್ತಿತ್ತು. ಆ ಒತ್ತಡದ ಮೇಲೆ ಲೋಹವು ತೇಲುತ್ತಿತ್ತು. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದನು. 1902ರಲ್ಲಿ ಜರ್ಮನಿಯ ಸ್ಟ್ರಿಬೆಕ್ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟನು. ಸ್ನಿಗ್ಧತೆ, ವೇಗ, ಭಾರ ಈ ಮೂರರ ಹೊಂದಾಣಿಕೆ ಒಂದು ಹದದಲ್ಲಿದ್ದಾಗ ಘರ್ಷಣೆ ಅತ್ಯಲ್ಪ. ಹದಕ್ಕಿಂತ ಎಣ್ಣೆ ತೆಳುವಾದರೆ ಲೋಹಕ್ಕೆ ಲೋಹ ತಾಗಿ ಸವೆಯುತ್ತದೆ. ಮಂದವಾದರೆ ಎಣ್ಣೆಯನ್ನು ಕಲಕುವುದಕ್ಕೇ ಶಕ್ತಿ ವ್ಯಯವಾಗಿ ಶಾಖ ಹುಟ್ಟುತ್ತದೆ. ಎತ್ತಿನ ಗಾಡಿಯ ವೇಗ ಅತ್ಯಲ್ಪ, ಭಾರ ಅಧಿಕ. ಅದಕ್ಕೆ ಮಂದವಾದ ಎಣ್ಣೆ ಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಚ್ಚಿಗೆ ವೇಗವೇ ಒತ್ತಡವನ್ನು ಒದಗಿಸುತ್ತದೆ. ಅದಕ್ಕೆ ತೆಳುವಾದ ಎಣ್ಣೆ ಸಾಕು. ಹಿಂದಿನವರ ಕೀಲೆಣ್ಣೆಯಲ್ಲೂ ಇಂದಿನ ಕಾರಿನ ಎಣ್ಣೆಯಲ್ಲೂ ಕೆಲಸ ಮಾಡುವ ನಿಯಮ ಒಂದೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಹರಳೆಣ್ಣೆಯು ಗಾಡಿಯಿಂದ ಮೋಟಾರಿಗೂ ಏರಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಕ್ಯಾಸ್ಟರ್, ಅಂದರೆ ಹರಳು, ಎಂಬ ಮಾತಿನಿಂದಲೇ. ಮೊದಲ ಮಹಾಯುದ್ಧದ ಕಾಲದ ನೋಮ್ ಮೊದಲಾದ ಸುತ್ತುವ ಎಂಜಿನುಗಳ ವಿಮಾನಗಳು ಹರಳೆಣ್ಣೆಯಿಲ್ಲದೆ ಹಾರುವಂತಿರಲಿಲ್ಲ. ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗದೆ ಇದ್ದುದೇ ಅದಕ್ಕೆ ಕಾರಣ. ಆದರೆ ದೀರ್ಘಕಾಲ ಕಾದರೆ ಹರಳೆಣ್ಣೆ ಅಂಟಾಗುತ್ತದೆ. ಸಾಮಾನ್ಯ ಮೋಟಾರಿಗೆ ಖನಿಜ ತೈಲವೇ ಗತಿಯಾಯಿತು.

ಖನಿಜ ತೈಲಗಳನ್ನು ವರ್ಗೀಕರಿಸಲು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ, ಎಂದರೆ ಎಸ್.ಎ.ಇ., 1911ರಲ್ಲಿ ಮೊದಲು ತೊಡಗಿತು. ಡಬ್ಬಿಯ ಮೇಲಿನ 20, 30, 40, 50 ಎಂಬ ಅಂಕಿಗಳು ಆ ಪರಂಪರೆಯವು. ಇವು ಸ್ನಿಗ್ಧತೆಯ ಅಳತೆಗಳೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಇವು ಪಂಗಡಗಳ ಹೆಸರುಗಳು ಮಾತ್ರ. 100 ಡಿಗ್ರಿಯಲ್ಲಿ 6.9ರಿಂದ 9.3 ಸೆಂಟಿಸ್ಟೋಕ್‌ವರೆಗಿನ ಎಣ್ಣೆ 20ನೆಯ ಪಂಗಡಕ್ಕೆ ಸೇರುತ್ತದೆ, 9.3ರಿಂದ 12.5ರವರೆಗೆ 30, 12.5ರಿಂದ 16.3ರವರೆಗೆ 40, ಅಲ್ಲಿಂದ 21.9ರವರೆಗೆ 50. ಈ ಲೆಕ್ಕದಲ್ಲಿ ನಮ್ಮ ಹರಳೆಣ್ಣೆ 50ನೆಯ ಪಂಗಡದ್ದು. ಅಂಕಿಯ ಬಳಿ ಇರುವ ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆಯೇ ಹೊರತು, ಕೆಲವರು ತಿಳಿದಿರುವಂತೆ ತೂಕವನ್ನಲ್ಲ. 0ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೂ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೂ, 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೂ ಎಂಜಿನು ಚಾಲೂ ಆಗುವ ಸ್ಥಿತಿಗೆ ತಂದು ಪರೀಕ್ಷಿಸುತ್ತಾರೆ. ಒಂದೇ ಎಣ್ಣೆ ಚಳಿಯ ಪರೀಕ್ಷೆಯಲ್ಲೂ ಬಿಸಿಯ ಪರೀಕ್ಷೆಯಲ್ಲೂ ತೇರ್ಗಡೆಯಾದರೆ ಅದಕ್ಕೆ 5ಡಬ್ಲ್ಯು-30 ಎಂಬಂಥ ಜೋಡಿ ಹೆಸರು ಬರುತ್ತದೆ. ಇಂಥ ಎಣ್ಣೆಗಳು 1950ರ ದಶಕದಲ್ಲಿ ಪ್ರಚಾರಕ್ಕೆ ಬಂದವು. ಅವುಗಳಲ್ಲಿ ಬೆರೆಸಿರುವ ಉದ್ದನೆಯ ಅಣುಸರಪಣಿಗಳು ಚಳಿಯಲ್ಲಿ ಮುದುಡಿಕೊಂಡಿದ್ದು, ಬಿಸಿಯಲ್ಲಿ ಬಿಚ್ಚಿಕೊಂಡು, ಎಣ್ಣೆ ತೀರ ತೆಳುವಾಗದಂತೆ ತಡೆಯುತ್ತವೆ.

ಕೋಲಾರದಲ್ಲಿ ಎಂದಾದರೂ ನೀರು ಹೆಪ್ಪುಗಟ್ಟಿದ್ದುಂಟೆ, 0ಡಬ್ಲ್ಯು ನಮಗೇಕೆ ಎಂಬ ಆಕ್ಷೇಪಣೆ ಇಲ್ಲಿ ಸಹಜವಾಗಿ ಏಳುತ್ತದೆ. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ಮಾಗಿಯ ಬೆಳಗಿನ ಹವೆ 10-15 ಡಿಗ್ರಿಗೆ ಇಳಿಯುತ್ತದೆಯಷ್ಟೆ. ಆದರೂ ಎಂಜಿನಿನ ದೃಷ್ಟಿಯಿಂದ 20 ಡಿಗ್ರಿಯೂ ಚಳಿಯೇ. ಅದರ ಸಹಜ ಉಷ್ಣತೆ 90ಕ್ಕೂ ಮೇಲ್ಪಟ್ಟದ್ದು. ಸಾಮಾನ್ಯವಾದ ಒಂದು 0ಡಬ್ಲ್ಯು-20 ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 45 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯು-50 ಎಣ್ಣೆ ಸುಮಾರು 160 ಇರುತ್ತದೆ. 100 ಡಿಗ್ರಿಯಲ್ಲಿ ಎರಡರಷ್ಟಿರುವ ಅಂತರ ಬೆಳಗಿನ ತಂಪಿನಲ್ಲಿ ನಾಲ್ಕರಷ್ಟಕ್ಕೂ ಹೆಚ್ಚುತ್ತದೆ. ರಾತ್ರಿಯೆಲ್ಲ ನಿಂತಿದ್ದ ಎಂಜಿನಿನಲ್ಲಿ ಎಣ್ಣೆ ತಳಕ್ಕೆ ಇಳಿದಿರುತ್ತದೆ. ಅದು ಮೇಲಕ್ಕೇರಿ ಎಲ್ಲ ಕೀಲುಗಳನ್ನು ತಲಪುವವರೆಗಿನ ಕೆಲವು ಕ್ಷಣಗಳಲ್ಲಿ ಸವೆತ ವಿಶೇಷ. ಮುಂಜಾನೆ ನಾಲ್ಕಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಡುವ ಬಾಡಿಗೆ ಕಾರಿಗೆ ಇದು ಪ್ರತಿದಿನದ ಲೆಕ್ಕ.

‘ಬಿಸಿಲು ಸೀಮೆ’ಯ ವಾದವೂ ಪರೀಕ್ಷೆಗೆ ನಿಲ್ಲುವುದಿಲ್ಲ. ತಂಪು ನೀರನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಎಂಬ ಕವಾಟವು ಹೊರಗೆ 20 ಡಿಗ್ರಿಯಿರಲಿ 38 ಡಿಗ್ರಿಯಿರಲಿ, ಎಂಜಿನನ್ನು ಹೆಚ್ಚುಕಡಮೆ ಒಂದೇ ಬಿಸಿಯಲ್ಲಿ ಇರಿಸುತ್ತದೆ. ಎಣ್ಣೆಯನ್ನು ನಿಜವಾಗಿ ಕಾಯಿಸುವುದು ಬಿಸಿಲಿಗಿಂತ ಹೆಚ್ಚಾಗಿ ಹೊರೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಿಂದ ಮಿತಿಮೀರಿ ಹೇರಿಕೊಂಡು ಹೊರಡುವ ಗಾಡಿ, ತುಂಬಿದ ಕಾರಿನಲ್ಲಿ ತಿರುಪತಿಗೆ ಹೋಗಿ ಬರುವಾಗ ಪಲಮನೇರಿನಾಚೆ ಮೊಗಿಲಿ ಘಾಟಿಯನ್ನು ಹತ್ತುವ ಎಂಜಿನು, ಇಂಥವುಗಳಲ್ಲಿ ಎಣ್ಣೆ ಮಾಮೂಲಿಗಿಂತ ಬಹಳ ಬಿಸಿಯಾಗುತ್ತದೆ. ಇದಕ್ಕೆಂದೇ 150 ಡಿಗ್ರಿಯಲ್ಲಿ, ತೀವ್ರ ವೇಗದಲ್ಲಿ ಉಜ್ಜಿ ಅಳೆಯುವ ಪರೀಕ್ಷೆಯೊಂದುಂಟು. ಅಲ್ಲಿ 20ನೆಯ ಪಂಗಡಕ್ಕೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯು-40ಕ್ಕೆ 3.5 ಮಿಲ್ಲಿಪ್ಯಾಸ್ಕಲ್-ಸೆಕೆಂಡ್ ಸ್ನಿಗ್ಧತೆ ಉಳಿದಿರಬೇಕು. ಹೊರೆ ಸಾಗಿಸುವವರು ವಿಚಾರಿಸಬೇಕಾದ ಅಂಕಿ ಇದು.

ಹಳೆಯ ಅಂಬಾಸಡರ್ ಕಾರಿಗೆ ಮಂದವಾದ ಎಣ್ಣೆ ಒಗ್ಗುತ್ತಿತ್ತು. ಅದರ ಕೀಲುಗಳ ಸಂದು ಸಡಿಲ, ವೇಗ ಕಡಮೆ. ಮೇಸ್ತ್ರಿಗಳ ನಿಯಮ ಹುಟ್ಟಿದ್ದು ಆ ಎಂಜಿನುಗಳ ಬಳಿಯಲ್ಲಿ. ಅವರನ್ನು ಹಳಿಯಲು ನಮಗೆ ಮನಸ್ಸಿಲ್ಲ. ಇಂದಿನ ಎಂಜಿನಿನಲ್ಲಿ ಎಣ್ಣೆಗೆ ಇನ್ನೊಂದು ಉದ್ಯೋಗವೂ ಬಂದಿದೆ. ಕವಾಟಗಳು ತೆರೆಯುವ ಕಾಲವನ್ನು ಹಿಂದುಮುಂದು ಮಾಡುವ ಸಾಧನವು ಸೂಕ್ಷ್ಮ ನಾಳಗಳಲ್ಲಿ ಹರಿಯುವ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಟರ್ಬೊ ಎಂಬ ಗಾಳಿಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದರ ಅಚ್ಚು ತೇಲುವುದೂ ಎಣ್ಣೆಯ ಮೇಲೆಯೇ. ಎಣ್ಣೆ ತಡವಾಗಿ ತಲಪಿದರೆ ಮೊದಲು ಹಾಳಾಗುವ ಭಾಗಗಳಲ್ಲಿ ಅದೂ ಒಂದು.

ಹಾಗಾದರೆ ಪ್ರಮಾಣವಾವುದು? ಕಾರಿನೊಡನೆ ಬರುವ ಕೈಪಿಡಿಯೇ ಮೂಲ ಆಕರ. ಅದನ್ನು ಶಾಸನವನ್ನು ಓದುವಂತೆ ಓದಬೇಕೆಂದು ನಾವು ಹೇಳುತ್ತೇವೆ. ಕೋಲಾರ ಜಿಲ್ಲೆಯ ಶಾಸನಗಳನ್ನು ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದನ್ನು ಬಳಸುವ ವಿದ್ಯಾರ್ಥಿ ಮೊದಲು ಕೇಳುವುದು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಬರೆಯಿಸಿದರು ಎಂದಲ್ಲವೆ? ಕೈಪಿಡಿಗೂ ಅದೇ ಪ್ರಶ್ನೆ ಸಲ್ಲುತ್ತದೆ. ತೆಳುವಾದ ಎಣ್ಣೆಯಿಂದ ಇಂಧನ ಸ್ವಲ್ಪ ಉಳಿಯುತ್ತದೆ. ಭಾರತದಲ್ಲಿ 2017ರಿಂದ ಕಾರು ತಯಾರಕರಿಗೆ ಇಂಧನ ಮಿತವ್ಯಯದ ಕಟ್ಟುಪಾಡುಗಳಿವೆ. 0ಡಬ್ಲ್ಯು-16ನ್ನು ಹೇಳುವ ತಯಾರಕನ ಮನಸ್ಸಿನಲ್ಲಿ ಸರ್ಕಾರದ ಲೆಕ್ಕವೂ ಇರುತ್ತದೆ ಎಂಬ ಸಂಶಯ ನಿರಾಧಾರವಲ್ಲ. ಆದರೆ ಆ ಎಣ್ಣೆಗೆ ತಕ್ಕ ಸಂದುಗಳನ್ನೂ ಪಂಪನ್ನೂ ಕಟ್ಟಿದವನು ಅವನೇ. ಕೈಪಿಡಿ ಒಂದೇ ಹೆಸರನ್ನು ಹೇಳಿದರೆ ಅದನ್ನೇ ಹಾಕಬೇಕು. ಕೆಲವು ಕೈಪಿಡಿಗಳು ಹವೆಗೆ ಅನುಸಾರವಾಗಿ ಎರಡು ಮೂರು ಹೆಸರುಗಳ ಪಟ್ಟಿ ಕೊಡುತ್ತವೆ. ಅಲ್ಲಿ ಹೊರೆಯ ಕೆಲಸದವರು ಪಟ್ಟಿಯೊಳಗಿನ ಹೆಚ್ಚಿನ ಅಂಕಿಯನ್ನೂ, ಊರಿನೊಳಗೆ ಕಿರುದಾರಿಯಲ್ಲಿ ಓಡಾಡುವವರು ಕಡಮೆಯದನ್ನೂ ಆರಿಸಿಕೊಳ್ಳಬಹುದು. ಪಟ್ಟಿಯ ಹೊರಗಿನದು ಬೇಡ.

ಸ್ನಿಗ್ಧತೆಯ ಅಂಕಿ ಸರಿಯಿದ್ದ ಮಾತ್ರಕ್ಕೆ ಎಣ್ಣೆ ಸರಿಯಾಯಿತೆಂದು ತಿಳಿಯಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿಯನ್ನು ಹಿಡಿಯುವ ಸೋಸುಕವಿರುತ್ತದೆ. ಎಣ್ಣೆಯಲ್ಲಿನ ಲೋಹದ ಬೆರಕೆಗಳು ಉರಿದು ಬೂದಿಯಾಗಿ ಅದರಲ್ಲಿ ಕಟ್ಟಿಕೊಳ್ಳುತ್ತವೆ. ಮಸಿಯಂತೆ ಬೂದಿಯನ್ನು ಸುಟ್ಟು ತೆಗೆಯಲಾಗದು. ಹಳೆಯ ಟ್ರ್ಯಾಕ್ಟರಿಗೆ ತಂದಿಟ್ಟ 15ಡಬ್ಲ್ಯು-40 ಎಣ್ಣೆಯನ್ನು ಹೊಸ ಪಿಕಪ್ಪಿಗೆ ಸುರಿದರೆ ಅಂಕಿ ಹೊಂದಿದರೂ ಸೋಸುಕ ಕಟ್ಟಬಹುದು. ಆದುದರಿಂದ ಡಬ್ಬಿಯ ಮೇಲೆ ಎ.ಪಿ.ಐ. ಮುಂತಾದ ಗುಣವರ್ಗದ ಅಕ್ಷರಗಳನ್ನೂ ಕೈಪಿಡಿಯೊಡನೆ ತಾಳೆ ನೋಡಬೇಕು. ಕಾರಿನ ಎಣ್ಣೆಯನ್ನು ಮೋಟಾರು ಸೈಕಲ್ಲಿಗೆ ಹಾಕುವುದೂ ಸಲ್ಲದು. ಅನೇಕ ಸೈಕಲ್ಲುಗಳಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿದ್ದು, ಜಾರತೊಡಗುತ್ತದೆ.

ಉಳಿದದ್ದು ಹಳೆಯ ಕಾರಿನ ವಿಷಯ. ಬಹಳ ದೂರ ಓಡಿ, ಎಣ್ಣೆ ಕುಡಿದು ನೀಲಿ ಹೊಗೆ ಬಿಡುವ ಎಂಜಿನಿಗೆ ಒಂದು ಪಂಗಡ ಮೇಲಿನ ಎಣ್ಣೆ ಹಾಕಿದರೆ ಹೊಗೆ ತಗ್ಗುವುದುಂಟು. ಸವೆದ ಸಂದು ಅಗಲವಾಗಿರುವುದರಿಂದ ಹದವೂ ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ; ಆ ಮಟ್ಟಿಗೆ ಮೇಸ್ತ್ರಿಯ ಮಾತು ನಿಜ. ಆದರೆ ಸವೆತ ಅದರಿಂದ ವಾಸಿಯಾಗುವುದಿಲ್ಲ. ಕಾರನ್ನು ಕೈಯಿಂದ ಕೈಗೆ ಕೊಳ್ಳುವವರು ಎಣ್ಣೆಯ ಕಡ್ಡಿಯನ್ನು ಎಳೆದು ನೋಡುವಾಗ, ಒಳಗಿರುವುದು ಯಾವ ಅಂಕಿಯ ಎಣ್ಣೆಯೆಂದು ಮಾರುವವರನ್ನು ಕೇಳುವುದು ಒಳ್ಳೆಯದು. 0ಡಬ್ಲ್ಯು-20 ಹೇಳಿರುವ ಕಾರಿನಲ್ಲಿ 20ಡಬ್ಲ್ಯು-50 ಇದ್ದರೆ, ಅದನ್ನು ಏಕೆ ಹಾಕಬೇಕಾಯಿತೆಂದೂ ಕೇಳಬೇಕು.