ಜ್ಯೂರಿ ಹೋಯಿತು, ಪಂಚರು ಉಳಿದರು

ಮುಂಬಯಿಯ ಆಂಟಾಪ್ ಹಿಲ್‌ನ ಯಾವ ಮನೆಗೂ ಇಂದು ಜ್ಯೂರಿಯಲ್ಲಿ ಕೂರಲು ಬನ್ನಿ ಎಂಬ ನೋಟೀಸು ಬರುವುದಿಲ್ಲ. ಹನ್ನೆರಡು ಮಂದಿ ನಾಗರಿಕರು ಬೆಂಚಿನ ಮೇಲೆ ಕೂತು 'ತಪ್ಪಿತಸ್ಥ' ಅಥವಾ 'ನಿರ್ದೋಷಿ' ಎನ್ನುವುದನ್ನು ನಾವು ಕಾಣುವುದು ಹಾಲಿವುಡ್ ಸಿನಿಮಾದಲ್ಲಿ ಮಾತ್ರ. ಆದರೆ ಸಿ.ಜಿ.ಎಸ್. ಕಾಲೊನಿಯ ಸೆಕ್ಟರಿನಲ್ಲೋ ಸಂಗಮ್ ನಗರದ ಗಲ್ಲಿಯಲ್ಲೋ ಕಳವು, ಹೊಡೆದಾಟ, ಜಪ್ತಿ ನಡೆದಾಗ ಹವಾಲ್ದಾರರೊಬ್ಬರು ಬಾಗಿಲು ತಟ್ಟಿ, "ಪಂಚ ಮ್ಹಣೂನ್ ಯೇತಾ ಕಾ?" (ಪಂಚರಾಗಿ ಬರುತ್ತೀರಾ?) ಎಂದು ಕೇಳುವುದುಂಟು. ಹೋಟೆಲಿನ ಗಲ್ಲೆಯಲ್ಲಿ ಕೂತವರು, ಅಂಗಡಿಯವರು, ಸೊಸೈಟಿಯ ಕಾರ್ಯದರ್ಶಿ ಇಂಥ ಕರೆಗೆ ಮೊದಲು ಸಿಗುವವರು. ಬಹುಪಾಲು ಜನ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಾರೆ. ಹೋದವರಲ್ಲೂ ಅನೇಕರು ಏನು ಬರೆದಿದೆ ಎಂದು ನೋಡದೆ ಸಹಿ ಹಾಕಿ ಬರುತ್ತಾರೆ. ಎರಡೂ ತಪ್ಪು.

ಮುಂಬಯಿಯ ಜ್ಯೂರಿ

ಭಾರತದ ಜ್ಯೂರಿಯ ಕತೆಯಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ. 1672ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರ್ ಇಲ್ಲಿ ತೆರೆದ ಕೋರ್ಟಿನಲ್ಲೇ ಜ್ಯೂರಿ ಇತ್ತು. ಭಾರತೀಯರು ಅದರಲ್ಲಿ ಕೂರಲು 1826ರ ಕಾಯ್ದೆ ದಾರಿ ಮಾಡಿತು. ಆದರೆ ಆರೋಪಿ ಕ್ರೈಸ್ತನಾದರೆ ಬೇರೆ ಧರ್ಮದವರು ಅವನ ವಿಚಾರಣೆಗೆ ಕೂರುವಂತಿರಲಿಲ್ಲ. ಆ ಕಟ್ಟು ಸಡಿಲಿದ್ದು 1832ರಲ್ಲಿ.

ಜ್ಯೂರಿಯಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಹಣೆಬರಹ ನಿಲ್ಲುತ್ತಿತ್ತು ಎಂಬುದಕ್ಕೆ ಬಾಲಗಂಗಾಧರ ತಿಲಕರ ಎರಡು ರಾಜದ್ರೋಹದ ಮೊಕದ್ದಮೆಗಳೇ ಸಾಕ್ಷಿ. 1897ರಲ್ಲಿ ಬೊಂಬಾಯಿ ಹೈಕೋರ್ಟಿನ ಜ್ಯೂರಿಯಲ್ಲಿದ್ದವರು ಆರು ಐರೋಪ್ಯರು, ಮೂವರು ಭಾರತೀಯರು. ತಪ್ಪಿತಸ್ಥ ಎಂದವರು ಆರು, ಅಲ್ಲವೆಂದವರು ಮೂರು. 1908ರಲ್ಲಿ ಏಳು ಐರೋಪ್ಯರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು. ಆರು ವರ್ಷದ ಗಡಿಪಾರು, ಮಾಂಡಲೆಯ ಸೆರೆ. ಜ್ಯೂರಿ ಏನೇ ಹೇಳಲಿ, ತಾನು ನಿರಪರಾಧಿ ಎಂದು ತಿಲಕರು ಅಂದು ಆಡಿದ ಮಾತನ್ನು ಅದೇ ಕೋರ್ಟು ಮುಂದೆ ಅಮೃತಶಿಲೆಯ ಫಲಕದಲ್ಲಿ ಕೆತ್ತಿಸಿಕೊಂಡಿತು.

ಇನ್ನು ಎಲ್ಲರ ಬಾಯಲ್ಲೂ ಇರುವುದು ನಾನಾವತಿ ಪ್ರಕರಣ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ಐ.ಎನ್.ಎಸ್. ಮೈಸೂರು ಹಡಗಿನ ಅಧಿಕಾರಿ. 1959ರ ಏಪ್ರಿಲ್ 27ರಂದು ಆ ಹಡಗಿನ ಉಗ್ರಾಣದಿಂದಲೇ ರಿವಾಲ್ವರ್ ಮತ್ತು ಆರು ಗುಂಡು ಪಡೆದು, ತನ್ನ ಹೆಂಡತಿಯೊಡನೆ ಸಂಬಂಧವಿದ್ದ ಪ್ರೇಮ್ ಅಹುಜಾನ ಮನೆಗೆ ಹೋದರು. ಅಹುಜಾ ಗುಂಡೇಟಿಗೆ ಸತ್ತ. ಆರ್.ಕೆ. ಕರಂಜಿಯಾ ಅವರ 'ಬ್ಲಿಟ್ಜ್' ಪತ್ರಿಕೆ ವಾರವಾರವೂ ನಾನಾವತಿಯ ಪರ ನಿಂತಿತು. ಸೆಷನ್ಸ್ ಕೋರ್ಟಿನ ಒಂಬತ್ತು ಮಂದಿ ಜ್ಯೂರಿಯಲ್ಲಿ ಎಂಟು ಜನ ನಿರ್ದೋಷಿ ಎಂದರು. ನ್ಯಾಯಾಧೀಶ ಆರ್.ಬಿ. ಮೆಹ್ತಾ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹಳೆಯ ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ರುಜುವಾತಿನ ಹೊಣೆ ಯಾರದೆಂಬುದನ್ನು ಜ್ಯೂರಿಗೆ ಸರಿಯಾಗಿ ತಿಳಿಸಿಲ್ಲ ಎಂದ ಹೈಕೋರ್ಟು 1960ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೊನೆಗೆ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು.

ಈ ಒಂದು ಕೇಸಿನಿಂದಲೇ ಜ್ಯೂರಿ ರದ್ದಾಯಿತು ಎಂಬ ಮಾತು ಚಾಲ್ತಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಗುಂಡು ಹಾರುವ ಮೊದಲೇ, 1958ರಲ್ಲಿ, ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡವೆಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದರಲ್ಲಿ ಜ್ಯೂರಿಯ ಅಧ್ಯಾಯವೇ ಇರಲಿಲ್ಲ.

ಒಂದು ಕಡೆ ಮಾತ್ರ ಅದರ ಬಳಗ ಇನ್ನೂ ಉಳಿದಿದೆ. ಪಾರ್ಸಿಗಳ ವಿಚ್ಛೇದನದ ದಾವೆಗಳು ಬೊಂಬಾಯಿ ಹೈಕೋರ್ಟಿನ ಪಾರ್ಸಿ ವೈವಾಹಿಕ ನ್ಯಾಯಾಲಯದ ಮುಂದೆ ಬರುತ್ತವೆ. 1936ರ ಕಾಯ್ದೆಯಂತೆ ಅಲ್ಲಿ ನ್ಯಾಯಮೂರ್ತಿಯ ಜೊತೆ ಸಮುದಾಯದ ಐವರು ಡೆಲಿಗೇಟರು ಕೂರುತ್ತಾರೆ. ಕಾನೂನಿನ ಪ್ರಶ್ನೆ ನ್ಯಾಯಮೂರ್ತಿಯದು, ನಡೆದದ್ದೇನು ಎಂಬುದು ಡೆಲಿಗೇಟರ ಬಹುಮತದ್ದು. ಸಮುದಾಯದ ಅಭಿಪ್ರಾಯ ಕೇಳಿ ಸರ್ಕಾರ ಹತ್ತು ವರ್ಷಕ್ಕೆಂದು ಅವರನ್ನು ನೇಮಿಸುತ್ತದೆ. ಆಂಟಾಪ್ ಹಿಲ್‌ಗೆ ಹತ್ತಿರದ ದಾದರ್ ಪಾರ್ಸಿ ಕಾಲೊನಿಯವರಿಗೆ ಇದು ಹೊಸ ಸುದ್ದಿಯಲ್ಲ.

ಪಂಚ ಎಂದರೆ ಯಾರು?

ಉಳಿದ ನಮಗೆಲ್ಲ ನ್ಯಾಯದ ಕೆಲಸದಲ್ಲಿ ಸಿಗುವ ಪಾತ್ರ ಪಂಚನದು. ಕರ್ನಾಟಕದಲ್ಲಿ ಮಹಜರು ಎನ್ನುವುದನ್ನೇ ಮುಂಬಯಿ ಪೊಲೀಸರು ಪಂಚನಾಮಾ ಎನ್ನುತ್ತಾರೆ. ಪಂಚ ತೀರ್ಪು ಕೊಡುವವನಲ್ಲ. ತನ್ನ ಕಣ್ಣೆದುರು ಏನು ನಡೆಯಿತು, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂಬುದಕ್ಕೆ ಮಾತ್ರ ಅವನು ಸಾಕ್ಷಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮಿನಂತೆ, ಶೋಧಕ್ಕೆ ಮೊದಲು ಅಧಿಕಾರಿ ಅದೇ ಪ್ರದೇಶದ ಕನಿಷ್ಠ ಇಬ್ಬರು ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳನ್ನು ಕರೆಯಬೇಕು. ಆ ಪ್ರದೇಶದಲ್ಲಿ ಯಾರೂ ಸಿಗದಿದ್ದರೆ ಬೇರೆ ಕಡೆಯವರಾದರೂ ನಡೆಯುತ್ತದೆ. ಲಿಖಿತವಾಗಿ ಕರೆದ ಮೇಲೂ ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಅದು ಅಪರಾಧ. ಠಾಣೆಯ ಸುತ್ತ ಸದಾ ಸಿಗುವ 'ಖಾಯಂ ಪಂಚ'ರನ್ನು ಕರೆದು ಕೆಲಸ ಮುಗಿಸುವ ರೂಢಿಯೂ ಇದೆ. ಅದೇ ಹೆಸರು ಕೇಸಿನಿಂದ ಕೇಸಿಗೆ ಬಂದರೆ ಆರೋಪಿಯ ವಕೀಲರು ಬಿಡುವುದಿಲ್ಲ. ನೆರೆಹೊರೆಯ ಮರ್ಯಾದಸ್ಥರು ಜಾರಿಕೊಂಡಷ್ಟೂ ಖಾಯಂ ಪಂಚರಿಗೆ ಕೆಲಸ ಹೆಚ್ಚು.

ಸ್ಥಳದಲ್ಲಿ ಏನು ನೋಡಬೇಕು

ಒಂದು ಮೊಬೈಲ್ ಜಪ್ತಿಯನ್ನೇ ತೆಗೆದುಕೊಳ್ಳಿ. ಮೊದಲು ಪಂಚರ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಶುರುವಾದ ಸಮಯ. ಬಳಿಕ ಜಾಗದ ವಿವರ: ಎಷ್ಟನೇ ಮಾಳಿಗೆ, ಬಾಗಿಲು ಯಾವ ದಿಕ್ಕಿಗೆ, ಕಪಾಟು ಎಲ್ಲಿ. ಫೋನು ಸಿಕ್ಕ ಜಾಗ, ಅದರ ಬಣ್ಣ, ಕಂಪನಿ, ಐ.ಎಂ.ಇ.ಐ. ಸಂಖ್ಯೆ. ಅದನ್ನು ಲಕೋಟೆಗೆ ಹಾಕಿ, ಪಂಚರ ಸಹಿಯಿರುವ ಚೀಟಿ ಅಂಟಿಸಿ, ಅರಗಿನ ಮೊಹರು ಒತ್ತುತ್ತಾರೆ. ಕೊನೆಗೆ ಮುಗಿದ ಸಮಯ, ಸಹಿ. ಈಗ ಅದೇ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿ, ಪಟ್ಟಿ ತಯಾರಿಕೆ, ಸಾಕ್ಷಿಗಳ ಸಹಿ ಎಲ್ಲವನ್ನೂ ವಿಡಿಯೊ ಮಾಡಲೇಬೇಕು.

ಕನ್ನಡಿಗರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಪಂಚನಾಮಾ ಸಾಮಾನ್ಯವಾಗಿ ಮರಾಠಿಯಲ್ಲಿರುತ್ತದೆ. ಬಸ್ಸಿನಲ್ಲಿ ಮಾತಾಡುವಷ್ಟು ಮರಾಠಿ ಬಂದರೆ ಕೈಬರಹದ ಪೊಲೀಸ್ ಮರಾಠಿ ಓದಲು ಬರುತ್ತದೆ ಎಂದೇನಿಲ್ಲ. ಓದಿ ಹೇಳಿ, ಹಿಂದಿಯಲ್ಲಿ ವಿವರಿಸಿ ಎಂದು ಕೇಳಿ. ನೀವು ನೋಡದ ಮಾತು ಅದರಲ್ಲಿದ್ದರೆ ತಿದ್ದಿಸಿ. ಖಾಲಿ ಹಾಳೆಗೆ, ಅರ್ಧ ತುಂಬಿದ ಹಾಳೆಗೆ, ಹೋಗದ ಜಾಗದ ಪಂಚನಾಮೆಗೆ ಯಾರೇ ಹೇಳಿದರೂ ಸಹಿ ಹಾಕಬೇಡಿ. ಮನೆಗೆ ಬಂದ ಮೇಲೆ ತಾರೀಕು, ಗುನ್ಹಾ ನಂಬರು, ಅಧಿಕಾರಿಯ ಹೆಸರು ಡೈರಿಯಲ್ಲಿ ಬರೆದಿಡಿ. ಕೇಸು ಕೋರ್ಟಿಗೆ ಬರಲು ವರ್ಷಗಳೇ ಹಿಡಿಯಬಹುದು.

ಪಂಚನಾಮಾ ಬೇರೆ, ಸಾಕ್ಷಿಯ ಹೇಳಿಕೆ ಬೇರೆ. ನಡೆದದ್ದನ್ನು ಕಂಡವರು ತನಿಖೆಯಲ್ಲಿ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಹೇಳಿಕೆಗೆ ಕರೆಯುವುದಾದರೆ ಲಿಖಿತ ನೋಟೀಸು ಬೇಕು. ಹೆಂಗಸರು, 60 ದಾಟಿದ ಗಂಡಸರು, 15ರ ಕೆಳಗಿನ ಹುಡುಗರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು.

ಕೋರ್ಟಿನ ದಿನ

ಶೋಧಕ್ಕೆ ಸಾಕ್ಷಿಯಾದ ಮಾತ್ರಕ್ಕೆ ಕೋರ್ಟಿಗೆ ಹೋಗಲೇಬೇಕೆಂದಿಲ್ಲ. ಸಮನ್ಸ್ ಬಂದರೆ ಮಾತ್ರ ಹೋಗಬೇಕು. ಆಗ ಜಿ.ಟಿ.ಬಿ. ನಗರದಲ್ಲಿ ಹಾರ್ಬರ್ ಲೋಕಲ್ ಹತ್ತಿ ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಫೋರ್ಟಿನ ಸೆಷನ್ಸ್ ಕೋರ್ಟಿನತ್ತ ನಡೆಯಬೇಕಾಗಬಹುದು. ಸಮನ್ಸ್ ಕಾಗದ, ಗುರುತಿನ ಚೀಟಿ ಜೊತೆಯಲ್ಲಿರಲಿ. ಲಕೋಟೆ ಮುಂದಿಟ್ಟು, ಈ ಸಹಿ ನಿಮ್ಮದೇ ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಪಾಟೀಸವಾಲಿನಲ್ಲಿ ಲಕೋಟೆಯ ಬಣ್ಣ, ನಿಂತ ಜಾಗ, ದೀಪವಿತ್ತೇ ಇಲ್ಲವೇ ಎಲ್ಲ ಬರುತ್ತದೆ. ನೆನಪಿದ್ದರೆ ಹೇಳಿ, ಇಲ್ಲದಿದ್ದರೆ ನೆನಪಿಲ್ಲ ಎನ್ನಿ. ಊಹಿಸಿ ಹೇಳಿದ ಒಂದು ಮಾತಿನಿಂದ ಇಡೀ ಸಾಕ್ಷ್ಯ ಸಡಿಲಾಗುತ್ತದೆ.

ಹೆದರಿಕೆಗೋ ಆಮಿಷಕ್ಕೋ ಉಲ್ಟಾ ಹೊಡೆದು ಬೇಕೆಂದೇ ಸುಳ್ಳು ಹೇಳಿದರೆ ಏಳು ವರ್ಷದವರೆಗೆ ಸಜೆ ಆಗಬಹುದು. ಬೆದರಿಕೆ ಇದ್ದರೆ ಕೋರ್ಟಿಗೆ ತಿಳಿಸಿ. ಸಾಕ್ಷಿಗಳ ರಕ್ಷಣೆಗೆ ಪ್ರತಿ ರಾಜ್ಯವೂ ಯೋಜನೆ ಮಾಡಬೇಕೆಂದು ಹೊಸ ಸಂಹಿತೆಯೇ ಹೇಳುತ್ತದೆ.

ಜ್ಯೂರಿಯಲ್ಲಿ ಒಂಬತ್ತು ಜನರಿದ್ದರು, ಒಬ್ಬರು ತಪ್ಪಿದರೆ ಉಳಿದವರಿರುತ್ತಿದ್ದರು. ಪಂಚರಾಗಿ ನಿಲ್ಲುವವರು ಹೆಚ್ಚಾಗಿ ಇಬ್ಬರೇ. ಅಮಾಯಕನೊಬ್ಬ ಜೈಲಿಗೆ ಹೋಗದಿರುವುದೂ ಅಪರಾಧಿಯೊಬ್ಬ ತಪ್ಪಿಸಿಕೊಳ್ಳದಿರುವುದೂ ಎಷ್ಟೋ ಸಲ ಆ ಇಬ್ಬರ ಸಹಿಯ ಮೇಲೆ ನಿಂತಿರುತ್ತದೆ. ಹವಾಲ್ದಾರರು ಬಾಗಿಲು ತಟ್ಟಿದರೆ ಹೋಗಿ, ಕಣ್ಣು ಬಿಟ್ಟು ನೋಡಿ, ಓದಿಸಿಕೊಳ್ಳಿ, ಆಮೇಲೆ ಸಹಿ ಹಾಕಿ.