ಚಿಕ್ಕ ಗಡಿಯಾರ: ಅಲಂಕಾರವೋ, ಅರವಟ್ಟಿಗೆಯೋ?

ನಂಜನಗೂಡು ಸೀಮೆಯ ಚಿಕ್ಕಯ್ಯನಛತ್ರದ ಹೆಸರಿನಲ್ಲೇ ದಾರಿಹೋಕರಿಗೆ ನೆರಳು, ನೀರು ಒದಗಿಸುತ್ತಿದ್ದ ಕಾಲದ ನೆನಪಿದೆ. ಅಂತಹ ಊರುಗಳ ಜನ ಸಂತೆ ಸಾಮಾನಿಗಾಗಿ ಮೈಸೂರಿಗೆ ಬಂದಾಗ ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ ಎದುರಾಗುವುದು ಡಫರಿನ್ ಗಡಿಯಾರ ಗೋಪುರ, ಅದರ ಬುಡದಲ್ಲೊಂದು ಕಾರಂಜಿ. ವೈಸ್‌ರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುದರ ಸ್ಮಾರಕವಿದು. ಆದರೆ ಜನರ ನಾಲಿಗೆಯಲ್ಲಿ ವೈಸ್‌ರಾಯ್ ಉಳಿಯಲಿಲ್ಲ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು ಎತ್ತರದ ಗೋಪುರ ಎದ್ದು ನಿಂತ ಮೇಲೆ ಅದು ದೊಡ್ಡ ಗಡಿಯಾರವಾಯಿತು, ಇದು ಚಿಕ್ಕ ಗಡಿಯಾರವಾಯಿತು.

ಈ ಚೌಕಕ್ಕೂ ನೀರಿಗೂ ಹಳೆಯ ನಂಟು. ಮಾರುಕಟ್ಟೆ ಇರುವ ತಾಣದಲ್ಲಿ ಒಮ್ಮೆ ಪೂರ್ಣಯ್ಯ ನಾಲೆ ಹಾದುಹೋಗಿತ್ತು. ನಾಲೆ ಮುಚ್ಚಿ ಪೇಟೆ ಬೆಳೆಯಿತು. ಬಿಸಿಲಿನಲ್ಲಿ ಬಂದವರಿಗೆ ಕಾರಂಜಿಯ ತಂಪು ದೊರೆಯಿತು. ಗೋಪುರ, ಮಾರುಕಟ್ಟೆ, ರಸ್ತೆ ಮೂರೂ ಒಂದೇ ಕಥೆಯ ಅಧ್ಯಾಯಗಳು.

ಪರಂಪರೆಯ ರಕ್ಷಣೆಯೆಂದರೆ ಈ ಪೈಕಿ ಒಂದಕ್ಕೆ ಮಾತ್ರ ಬಣ್ಣ ಬಳಿಯುವುದಲ್ಲ. 2012ರ ಆಗಸ್ಟ್‌ನಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಉರುಳಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಬಳಿಕ ನ್ಯಾಯಾಲಯದ ಮೆಟ್ಟಿಲೇರಿತು. ಆ ವಾದ ನಡೆಯುವಷ್ಟು ಕಾಲವೂ ಹೂವು, ಹಣ್ಣು, ಅರಿಸಿನ ಕುಂಕುಮ ಮಾರುವವರ ಬದುಕು ಅತಂತ್ರವಾಗಿಯೇ ಇರುತ್ತದೆ.

ಕುಡಿಯುವ ನೀರಿಗೇ ತತ್ವಾರವಿರುವಾಗ ಕಾರಂಜಿ ಏಕೆ ಎಂಬ ಪ್ರಶ್ನೆ ಸಹಜ. ಆದರೆ ಕಾರಂಜಿ ನೀರನ್ನು ಕುಡಿದು ಮುಗಿಸುವುದಿಲ್ಲ. ತೊಟ್ಟಿಗೆ ಬಿದ್ದ ನೀರನ್ನೇ ಪಂಪು ಮತ್ತೆ ಮೇಲೆತ್ತುತ್ತದೆ. ಬೇಕಾದುದು ನದಿಯಷ್ಟು ನೀರಲ್ಲ, ಪ್ರತಿವರ್ಷ ಮೀಸಲಿಡುವ ಅಲ್ಪ ಹಣ ಮತ್ತು ಹೊಣೆ ಹೊರುವ ಒಬ್ಬ ಅಧಿಕಾರಿ. ಉದ್ಘಾಟನೆಗೆ ಹಣವಿದ್ದು ನಿರ್ವಹಣೆಗೆ ಇಲ್ಲವಾದರೆ ತೊಟ್ಟಿ ಕಸದ ಗುಂಡಿಯಾಗಲು ಬಹುಕಾಲ ಬೇಡ.

ಅದರ ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿಯೊಂದಿರಲಿ, ಕೂಲಿಯವರು ಕೂರಲು ನೆರಳಿರಲಿ. ಹಳ್ಳಿಯ ಛತ್ರ ಹೆಸರಿನಲ್ಲಾದರೂ ಉಳಿದಿರುವುದು ಅದು ಜನರಿಗೆ ಒದಗಿದ್ದರಿಂದ. ನಗರದ ಸ್ಮಾರಕವೂ ಹಾಗೆ ಒದಗಿದರೆ, ಅದನ್ನು ಉಳಿಸಿ ಎಂದು ಯಾರೂ ಮೊರೆಯಿಡಬೇಕಾಗುವುದಿಲ್ಲ.