ಹೊಳೆ ಕೊರೆತ ಮತ್ತು ಆಕಾಶದ ಕಣ್ಣು



ಹೊಳೆ ದಂಡೆಯ ಹೊಲವನ್ನು ನೀವು ನೋಡಿದ್ದೀರಿ. ಮಳೆಗಾಲದಲ್ಲಿ ಹೊಳೆ ತುಂಬಿ ಬರುತ್ತದೆ. ದಂಡೆಯ ಕೆಳಗಿನ ಉಸುಕನ್ನು ನೀರು ಕೊರೆಯುತ್ತದೆ. ಆಗ ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ. ನೀರು ಇಳಿಯುವಾಗ ಆ ಮಣ್ಣು ಧಪ್ ಅಂತ ಕುಸಿಯುತ್ತದೆ. ಇದೇ ಹೊಳೆ ಕೊರೆತ.

ದಂಡೆಯ ಮೇಲೆ ಹಳೆಯ ಗುಡಿ, ಮಠ, ಶಾಸನದ ಕಲ್ಲು ಇದ್ದರೆ ಏನು ಗತಿ? ಅವೂ ನೀರಿಗೆ ಹೋಗುತ್ತವೆ. ಹೋದರೆ ಮತ್ತೆ ಸಿಗುವುದಿಲ್ಲ. ಅಪಾಯವನ್ನು ಮೊದಲೇ ತಿಳಿಯಲು ಒಂದು ದಾರಿ ಇದೆ. ಅದೇ ದೂರ ಸಂವೇದನೆ.

ದೂರ ಸಂವೇದನೆ ಎಂದರೇನು?

ಮುಟ್ಟದೆ, ದೂರದಿಂದಲೇ ನೋಡಿ ತಿಳಿಯುವುದು. ಆಕಾಶದಲ್ಲಿ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಾ ಚಿತ್ರ ತೆಗೆಯುತ್ತವೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಈ ಕೆಲಸ ಮಾಡುತ್ತಿವೆ. ನಮ್ಮ ದೇಶದ ಐ.ಆರ್.ಎಸ್.-1ಎ ಉಪಗ್ರಹ 1988ರಲ್ಲಿ ಮೇಲೇರಿತು.

ಉಪಗ್ರಹ ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುತ್ತದೆ. ಆ ಚಿತ್ರದಲ್ಲಿ ನೀರು ಕಪ್ಪಗೆ, ಉಸುಕು ಬೆಳ್ಳಗೆ ಕಾಣುತ್ತದೆ. ಹೀಗಾಗಿ ದಂಡೆಯ ಗೆರೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಲೆಕ್ಕ ಹಾಕುವುದು ಹೇಗೆ?

ಹಳೆಯ ಚಿತ್ರದಲ್ಲಿ ದಂಡೆಯ ಗೆರೆ ಎಳೆಯುತ್ತಾರೆ. ಹೊಸ ಚಿತ್ರದಲ್ಲೂ ಎಳೆಯುತ್ತಾರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಬೇಸಿಗೆಯ ಚಿತ್ರವನ್ನು ಬೇಸಿಗೆಯ ಚಿತ್ರಕ್ಕೇ ಹೋಲಿಸಬೇಕು. ಮಳೆಗಾಲದಲ್ಲಿ ನೀರು ಹರಡಿರುತ್ತದೆ, ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ ನೋಡ್ರಿ. 20 ವರ್ಷದಲ್ಲಿ ದಂಡೆ 400 ಮೀಟರ್ ಕುಸಿದಿದೆ ಅನ್ನೋಣ. ಅಂದರೆ ವರ್ಷಕ್ಕೆ 20 ಮೀಟರ್. ಗುಡಿ ಈಗ ದಂಡೆಯಿಂದ 200 ಮೀಟರ್ ದೂರ ಇದೆ. ಹಾಗಾದರೆ ಉಳಿದದ್ದು ಸುಮಾರು 10 ವರ್ಷ. ಆದರೆ ಹೊಳೆ ಪ್ರತಿ ವರ್ಷ ಒಂದೇ ಅಳತೆಯಲ್ಲಿ ಕೊರೆಯುವುದಿಲ್ಲ. ಒಂದೇ ಮಹಾಪೂರ ಹತ್ತು ವರ್ಷದ ಕೆಲಸ ಮಾಡಬಹುದು.

ಮಾಜುಲಿಯ ಕಥೆ

ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿ ಇದೆ. ಅದರ ನಡುಗಡ್ಡೆಯೇ ಮಾಜುಲಿ. ಅಲ್ಲಿ ಸತ್ರ ಎಂಬ ಹಳೆಯ ವೈಷ್ಣವ ಮಠಗಳಿವೆ. ಮರದ ತೊಗಟೆಯ ಮೇಲೆ ಬರೆದ ಗ್ರಂಥಗಳನ್ನು ಅಲ್ಲಿ ಕಾಪಾಡಿದ್ದಾರೆ.

1950ರ ಆಗಸ್ಟ್ 15ರಂದು ಅಸ್ಸಾಮಿನಲ್ಲಿ ದೊಡ್ಡ ಭೂಕಂಪವಾಯಿತು. ಗುಡ್ಡ ಕುಸಿದು ನದಿಯಲ್ಲಿ ಮಣ್ಣು ತುಂಬಿತು. ನದಿಯ ತಳ ಮೇಲೇರಿತು. ಆಮೇಲೆ ಕೊರೆತ ಜೋರಾಯಿತು.

ವಿಜ್ಞಾನಿಗಳು ಹಳೆಯ ನಕ್ಷೆಯನ್ನೂ ಉಪಗ್ರಹದ ಚಿತ್ರವನ್ನೂ ಹೋಲಿಸಿದರು. 1917ರಲ್ಲಿ ಮಾಜುಲಿ ಸುಮಾರು 751 ಚದರ ಕಿ.ಮೀ. ಇತ್ತು. 2001ರಲ್ಲಿ ಉಳಿದದ್ದು ಸುಮಾರು 422. ನೂರಕ್ಕೆ 44 ಪಾಲು ನೆಲ ಹೋಯಿತು! ಹಲವು ಸತ್ರಗಳು ಜಾಗ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಯಾವ ದಂಡೆ ಬೇಗ ಕುಸಿಯುತ್ತದೆ ಎಂದು ಗೊತ್ತಾದರೆ ಅಲ್ಲಿ ಮೊದಲು ಕಲ್ಲಿನ ತಡೆ ಕಟ್ಟಬಹುದು. ಗ್ರಂಥಗಳನ್ನು ಮುಂಚೆಯೇ ಸಾಗಿಸಬಹುದು.

ನಾವು ಏನು ಮಾಡಬಹುದು?

ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ, ಸೀನಾ ಹೊಳೆಗಳು ಕೂಡುವ ಜಾಗ ಹತ್ತರಸಂಗ ಕೂಡಲ. ಅಲ್ಲಿ ಹಳೆಯ ಸಂಗಮೇಶ್ವರ ಗುಡಿ ಇದೆ. ಹೊಳೆ ದಂಡೆಯಲ್ಲೇ ನಮ್ಮ ಹಿರಿಯರು ಗುಡಿ ಕಟ್ಟಿದರು, ಶಾಸನ ನೆಟ್ಟರು.

ಉಪಗ್ರಹಕ್ಕೆ ಹೊಳೆ ಕಾಣುತ್ತದೆ. ಪೊದೆಯೊಳಗೆ ಬಿದ್ದ ಶಾಸನದ ಕಲ್ಲು ಕಾಣುವುದಿಲ್ಲ. ಅದು ಎಲ್ಲಿದೆ ಅಂತ ಗೊತ್ತಿರುವುದು ಊರವರಿಗೇ. ನಿಮ್ಮೂರ ಹೊಳೆ ದಂಡೆಯಲ್ಲಿ ಅಂಥ ಕಲ್ಲು, ಗುಡಿ ಇವೆಯೇ? ಪ್ರತಿ ಬೇಸಿಗೆಯಲ್ಲಿ ಅಲ್ಲಿಂದ ದಂಡೆಗೆ ಎಷ್ಟು ಹೆಜ್ಜೆ ಅಂತ ಎಣಿಸಿ. ತೀರಾ ಅಂಚಿಗೆ ಹೋಗಬೇಡಿ. ವರ್ಷ, ಹೆಜ್ಜೆ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಹೆಜ್ಜೆ ಕಡಿಮೆಯಾಗುತ್ತಾ ಬಂದರೆ ಗ್ರಾಮ ಪಂಚಾಯತಿಗೆ, ತಹಶೀಲ್ದಾರರಿಗೆ ಅರ್ಜಿ ಕೊಡಿ. ಕಲ್ಲನ್ನು ನೀವೇ ಕಿತ್ತು ಸಾಗಿಸಬೇಡಿ.

ಈಗ ನಿಮಗೆ ಬರೆಯಲು ಬರುತ್ತದೆ. ನೀವು ಬರೆದ ಆ ನಾಲ್ಕು ಸಾಲು ಒಂದು ಶಾಸನವನ್ನು ಉಳಿಸಬಹುದು.

ಹೊಸ ಪದಗಳು
ಉಪಗ್ರಹ – ಭೂಮಿಯನ್ನು ಸುತ್ತುವ ಯಂತ್ರ
ನಡುಗಡ್ಡೆ – ಸುತ್ತಲೂ ನೀರಿರುವ ನೆಲ
ಶಾಸನ – ಕಲ್ಲಿನಲ್ಲಿ ಕೊರೆದ ಹಳೆಯ ಬರಹ

ಉತ್ತರ ಹೇಳಿ
1. ಬೇಸಿಗೆಯ ಚಿತ್ರವನ್ನು ಬೇಸಿಗೆಯ ಚಿತ್ರಕ್ಕೇ ಏಕೆ ಹೋಲಿಸಬೇಕು?
2. ದಂಡೆ ವರ್ಷಕ್ಕೆ 5 ಮೀಟರ್ ಕುಸಿದರೆ, 60 ಮೀಟರ್ ದೂರದ ಗುಡಿಗೆ ಎಷ್ಟು ವರ್ಷ ಉಳಿದಿದೆ?